ಚೀಸ್ ಪಾಸ್ತಾ: ವಾರಕ್ಕೆ ಎಷ್ಟು ಸಲ?

ಪ್ರಶ್ನೆ: ಮಳೆ ಹಿಡಿದರೆ ಹದಿನಾರರ ಮಗನಿಗೆ ಓವನ್‌ನಲ್ಲಿ ಬೇಯಿಸಿದ ಚೀಸ್ ಪಾಸ್ತಾನೇ ಬೇಕು. ವಾರಕ್ಕೆ ಮೂರು ಸಲ ಮಾಡುತ್ತೇನೆ. 250 ಗ್ರಾಂ ಪಾಸ್ತಾ, 200 ಗ್ರಾಂ ಚೀಸ್, 50 ಗ್ರಾಂ ಬೆಣ್ಣೆ, ಅರ್ಧ ಲೀಟರ್ ಹಾಲು, ಸ್ವಲ್ಪ ಮೈದಾ. ನಾಲ್ಕು ಜನ ತಿನ್ನುತ್ತೇವೆ. ಅತ್ತೆ ಬೇಡ ಅನ್ನುತ್ತಾರೆ.
– ಓದುಗರು, ವಿರಾಜಪೇಟೆ

ಉತ್ತರ: ನಿಮ್ಮ ಅಳತೆಯಲ್ಲೇ ಮಡಿಕೇರಿಯ ನಮ್ಮ ಮನೆಯಲ್ಲಿ ಮಾಡಿ ನೋಡಿದೆ. ಆರಿದ ಮೇಲೆ ಪಾತ್ರೆಯ ಅಂಚಿನಲ್ಲಿ ಹಳದಿ ಜಿಡ್ಡು ಬೆರಳಿಗೆ ಅಂಟುವಷ್ಟು ಹೆಪ್ಪುಗಟ್ಟಿತ್ತು. ಒಬ್ಬರ ಪಾಲಿಗೆ ಸುಮಾರು 600 ಕ್ಯಾಲೊರಿ. ಪ್ರೋಟೀನು 20 ಗ್ರಾಂ ದಾಟುತ್ತದೆ, ಕ್ಯಾಲ್ಸಿಯಮ್ಮೂ ಧಾರಾಳ. ಬೆಳೆಯುವ ಹುಡುಗನಿಗೆ ಅದು ಬೇಕಾದದ್ದೇ. ಅತ್ತೆಯವರ ಆತಂಕವೂ ಸರಿಯಾದದ್ದೇ. ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ-ಚೀಸಿನಲ್ಲಿರುವಂಥ, ಆರಿದರೆ ಗಟ್ಟಿಯಾಗುವ ಕೊಬ್ಬು, ಒಬ್ಬರ ಪಾಲಿಗೆ ಹೆಚ್ಚುಕಡಿಮೆ 18 ಗ್ರಾಂ ಆಗುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಇಡೀ ದಿನದ ಮಿತಿಯೇ 22 ಗ್ರಾಂ. ನಾರು ಮಾತ್ರ ತೀರಾ ಕಡಿಮೆ.

ಚೀಸನ್ನು 100 ಗ್ರಾಂಗೆ ಇಳಿಸಿ, ಸಾಸಿಗೆ ಬೆರೆಸದೆ ಮೇಲೆ ಮಾತ್ರ ತುರಿದು ಹಾಕಿ. ಬಾಯಿಗೆ ಮೊದಲು ಸಿಗುವುದು ಆ ಕೆಂಪಗೆ ಬೆಂದ ಪದರವೇ ಅಲ್ಲವೇ? ಬೆಣ್ಣೆ 20 ಗ್ರಾಂ ಸಾಕು. ಇಷ್ಟಕ್ಕೇ ಒಂದು ಪಾಲಿನಲ್ಲಿ 150 ಕ್ಯಾಲೊರಿ ಇಳಿಯುತ್ತದೆ. ಚೀಸಿನಲ್ಲೇ ಉಪ್ಪಿದೆ, ಸಾಸಿಗೆ ಬೇರೆ ಹಾಕಬೇಡಿ. ಬೀನ್ಸ್, ಕ್ಯಾರೆಟ್, ಸಂತೆಯಲ್ಲಿ ಅಣಬೆ ಸಿಕ್ಕರೆ ಅದನ್ನೂ ಪಾಸ್ತಾದಷ್ಟೇ ಸುರಿಯಿರಿ. ವಾರಕ್ಕೆ ಒಂದು ಸಲ ಮಾಡಿ. ಉಳಿದ ದಿನ ಸಂಜೆ ಬಿಸಿ ನೂಪುಟ್ಟಿಗೆ (ಅಕ್ಕಿ ಶಾವಿಗೆ) ಕಡಲೆ ಸಾರು ಕೊಡಿ, ಅವನ ಹೊಟ್ಟೆ ತುಂಬುತ್ತದೆ.