ಪದ್ಮಿನಿ ಬಾಗಿಲಿಗೆ ಹೊಸ ತಗಡು

ಪ್ರಶ್ನೆ: ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಇದೆ. ಮುಂದಿನ ಎರಡೂ ಬಾಗಿಲುಗಳ ಕೆಳಭಾಗ ತುಕ್ಕು ಹಿಡಿದು, ಬೆರಳಿಟ್ಟರೆ ತೂತಾಗುತ್ತದೆ. ಪುಟ್ಟಿ ಹಾಕಿಸಿದರೆ ಸಾಕಾ, ಹೊರಗಿನ ತಗಡು ಬದಲಿಸಬೇಕಾ? – ಓದುಗರು, ಮೂಡಿಗೆರೆ

ಉತ್ತರ: ಪುಟ್ಟಿ ಖಂಡಿತ ಬೇಡ. ನಿಮ್ಮ ಕಡೆ ಮಳೆಗೆ ಅದು ಜಾಸ್ತಿ ದಿನ ನಿಲ್ಲುವುದಿಲ್ಲ, ತುಕ್ಕು ಒಳಗಿನಿಂದಲೇ ಬರುತ್ತದೆ ಅಲ್ವಾ. ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ತೋಟದಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಸಿಲ್ವರ್ ಓಕ್ ಎಲೆಯ ಚೂರು, ಮಣ್ಣು ಸೇರಿ ಅವು ಕಟ್ಟಿಕೊಳ್ಳುತ್ತವೆ.

ಒಳಗಿನ ಫ್ರೇಮ್ ಗಟ್ಟಿಯಿದ್ದರೆ ತಗಡು ಬದಲಿಸಿ, ಅದೂ ತಿಂದುಹೋಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಳೆ ತಗಡನ್ನು ಕಿತ್ತೆಳೆಯಬಾರದು. ತಗಡಿನ ಅಂಚನ್ನು ಫ್ರೇಮಿನ ಮೇಲೆ ಮಡಚಿದ ಜಾಗವನ್ನು ಗ್ರೈಂಡರ್‌ನಲ್ಲಿ ಸವೆಸಿದರೆ ಅದು ತಾನೇ ಬಿಡುತ್ತದೆ. ಫ್ರೇಮಿನ ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಹೊಸ ತಗಡನ್ನು ಕ್ಲಾಂಪಿನಲ್ಲಿ ಹಿಡಿಸಿ, ಬಾಗಿಲನ್ನು ಗಾಡಿಗೆ ಕೂರಿಸಿ ನೋಡಿ. ಇದನ್ನು ಮಾತ್ರ ಬಿಡಲೇಬೇಡಿ! ಸುತ್ತ ಸಂದಿ ಒಂದೇ ಸಮ ಬಂದ ಮೇಲಷ್ಟೇ ಅಂಚು ಮಡಚಬೇಕು, ಆಮೇಲೆ ತಿದ್ದುವುದು ಬಹಳ ಕಷ್ಟ. ಮಡಚುವಾಗ ಹೊರಗಡೆ ಡಾಲಿ ಕಬ್ಬಿಣ (ಸುತ್ತಿಗೆ ಏಟಿಗೆ ಆನಿಕೆಯಾಗುವ ಗಟ್ಟಿ ಕಬ್ಬಿಣದ ತುಂಡು) ಒತ್ತಿ ಹಿಡಿದು, ಒಂದೇ ಕಡೆ ಬಡಿಯದೆ, ಮೂರ್ನಾಲ್ಕು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಗ್ಗಿಸಲಿ. ಉದ್ದಕ್ಕೆ ವೆಲ್ಡಿಂಗ್ ಎಳೆದರೆ ತಗಡು ಶಾಖಕ್ಕೆ ಅಲೆಅಲೆಯಾಗುತ್ತದೆ, ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡಿಂಗ್ ಸಾಕು. ಅಂಚಿಗೆ ಸೀಲರ್ (ಸಂದಿ ಮುಚ್ಚುವ ಅಂಟು) ಹಾಕಿಸಿ.

ಮರೆಯದೆ ತಳದ ತೂತುಗಳಿಗೆ ತಂತಿ ಆಡಿಸಿ ನೋಡಿ, ಸೀಲರ್ ಮುಚ್ಚಿರಬಹುದು.