ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ, ಕೊಳಚೆ ನೀರು ಹೇಗೆ ತಿಳಿಯಾಗುತ್ತದೆ?

ಕೆಮಿಕಲ್ ಹಾಕಿ ತೊಳೆಯುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ಜಾಸ್ತಿ ದುಡಿಯುವುದು ಬ್ಯಾಕ್ಟೀರಿಯಾ.

ಮೊದಲು ಕಬ್ಬಿಣದ ಜಾಲರಿ. ಪ್ಲಾಸ್ಟಿಕ್ ಕವರ್, ಬಟ್ಟೆ ಚೂರು, ಶಾಂಪೂ ಸ್ಯಾಶೆ ಇಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ತಳ ಸೇರುತ್ತದೆ, ಜಿಡ್ಡು ತೇಲುತ್ತದೆ.

ಅಸಲಿ ಆಟ ಇರುವುದು ಗಾಳಿ ತೊಟ್ಟಿಯಲ್ಲಿ. ತಳದಿಂದ ಬ್ಲೋವರ್ ಗಾಳಿ ಊದುತ್ತಲೇ ಇರುತ್ತದೆ. ಕಂದು ನೀರು ಕುದಿಯುವ ಸಾರಿನ ಹಾಗೆ ಕಾಣುತ್ತದೆ. ಆಮ್ಲಜನಕ ಸಿಕ್ಕ ಬ್ಯಾಕ್ಟೀರಿಯಾ ಕರಗಿದ ಕೊಳೆಯನ್ನು ತಿಂದು ಬೆಳೆಯುತ್ತವೆ, ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ನೀರು ಸುಮ್ನೆ ನಿಂತರೆ ಸಾಕು, ಅವು ಕೆಸರಾಗಿ ಕೆಳಗಿಳಿಯುತ್ತವೆ, ಮೇಲೆ ತಿಳಿ ನೀರು. ಆ ಕೆಸರಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ಬಿಡುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಲ್ವಾ? 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಸಂಶೋಧಕರು ತೋರಿಸಿಕೊಟ್ಟ ಉಪಾಯ ಇದು.

ಕೊನೆಗೆ ರೋಗಾಣು ಕೊಲ್ಲಲು ಕ್ಲೋರಿನ್ ಅಥವಾ ಯುವಿ ಬೆಳಕು.

ಹಾಗಂತ ಇದು ಕುಡಿಯುವ ನೀರಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಅಂತರ್ಜಲ ಏರಲಿ ಅಂತ. ಬ್ಯಾಕ್ಟೀರಿಯಾ ಕೊಳೆ ತಿನ್ನುವ ಈ ಕೆಲಸಕ್ಕೆ ಎರಡನೇ ಹಂತದ ಸಂಸ್ಕರಣೆ ಅನ್ನುತ್ತಾರೆ; ಅದರಲ್ಲಿ ರಂಜಕ, ಸಾರಜನಕ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಇವನ್ನೂ ತೆಗೆಯುವ ಮೂರನೇ ಹಂತವೂ ಬೇಕು ಎಂದು ಕೋಲಾರದಲ್ಲಿ ಬೇಡಿಕೆ ಇದೆ. ನನ್ನ ಪ್ರಕಾರ ಅದು ನ್ಯಾಯವಾದದ್ದೇ.

ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ಗಬ್ಬು ನಾರುತ್ತಿದ್ದರೆ ಮೊದಲು ಬ್ಲೋವರ್ ನೋಡಿ. ಕರೆಂಟ್ ಬಿಲ್ ಉಳಿಸಲು ಯಾರೋ ಆಫ್ ಮಾಡಿರುತ್ತಾರೆ.