ಒಂದು ಮೊಲಕ್ಕೆ ಬಿಳಿ ಸಿಂಬಳ, ಜೊತೆಯದಕ್ಕೂ ಸೀನು
ಬಿಳಿ ಗಟ್ಟಿ ಸಿಂಬಳ, ಒರೆಸಿಕೊಂಡು ಅಂಟಂಟಾದ ಮುಂಗಾಲು, ಈಗ ಜೊತೆಯ ಮೊಲಕ್ಕೂ ಸೀನು ಅಂದರೆ ಹೆಚ್ಚಾಗಿ ಇದು ಪಾಸ್ಚುರೆಲ್ಲಾ ಬ್ಯಾಕ್ಟೀರಿಯಾದ ಸೋಂಕು. ಬೇರೆ ಬ್ಯಾಕ್ಟೀರಿಯಾದಿಂದಲೂ ಹೀಗಾಗಬಹುದು. ಮೂಗಿನ ಸ್ವಾಬ್ ಕಲ್ಚರ್ (ಮೂಗಿನಿಂದ ಕಡ್ಡಿಯಲ್ಲಿ ಸಿಂಬಳ ತೆಗೆದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸದೆ ಖಚಿತವಾಗಿ ಹೇಳಲಾಗದು.

ಮೊದಲು ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಸಿಂಬಳ ಸುರಿಯುವ ಮೊಲವನ್ನು ಕೊನೆಗೆ ಮುಟ್ಟಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಉಚ್ಚೆಯ ಅಮೋನಿಯಾ ಮೂಗನ್ನು ಇನ್ನಷ್ಟು ಕೆಡಿಸುತ್ತದೆ, ಹಾಗಾಗಿ ಹಾಸು ದಿನಾ ಬದಲಿಸಿ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗು ಒರೆಸುತ್ತಿರಿ: ಮೊಲ ಮೂಗಿನಲ್ಲೇ ಉಸಿರಾಡುವ ಪ್ರಾಣಿ, ಅದು ಕಟ್ಟಿದರೆ ತಿನ್ನುವುದೂ ನಿಲ್ಲುತ್ತದೆ.

ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆ್ಯಂಟಿಬಯಾಟಿಕ್ ಮಾತ್ರ ಬಾಯಿಗೆ ಹಾಕಲೇಬೇಡಿ. ಕರುಳು ಕೆಟ್ಟು ಪ್ರಾಣವೇ ಹೋಗಬಹುದು. ಪಶುವೈದ್ಯರು ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ, ಡೋಸನ್ನು ಅವರೇ ಮೊಲದ ತೂಕ ನೋಡಿ ಹೇಳುತ್ತಾರೆ. ಸೀನು ನಿಂತರೂ ಕೋರ್ಸ್ ಮುಗಿಸಿ. 12 ಗಂಟೆ ಏನೂ ತಿನ್ನದಿದ್ದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಕಾಯದೆ ಕರೆದೊಯ್ಯಿರಿ.